ಹಾನುಬಾಳಿನ ಫೇರೋ

ಅದು ನಡೆದಾಗ ನಾನು ಎಲ್ಲಿ ನಿಂತಿದ್ದೆ ಎಂದು ಈಗಲೂ ಜನ ಕೇಳುತ್ತಾರೆ. ನಿಂತಿರಲಿಲ್ಲ. ಮಲಗಿದ್ದೆ. ಹಾನುಬಾಳಿನಿಂದ ಸ್ವಲ್ಪ ಮೇಲಕ್ಕೆ, ನಮ್ಮ ಹೈಸ್ಕೂಲಿನ ಇಳಿಜಾರು ಡಾಂಬರು ರಸ್ತೆಗೆ ಸೇರುವಲ್ಲಿ, ಬಸ್ಸು ನಿಲ್ಲುವ ಅತ್ತಿಮರದ ಎದುರು, ನವೆಂಬರ್ ಕೊನೆಯ ಒಂದು ಶುಕ್ರವಾರ, ಬೆಳಗ್ಗೆ ಹತ್ತೂವರೆಯ ಸುಮಾರಿಗೆ, ಆರು ಜನರ ಹೆಗಲ ಮೇಲೆ, ಹಸಿ ಬಿದಿರಿನ ಚಟ್ಟದಲ್ಲಿ, ಕಾಲು ಪಡುವಣಕ್ಕೆ ತಲೆ ಮೂಡಣಕ್ಕೆ ಮಾಡಿಕೊಂಡು ಮಲಗಿದ್ದೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮಿಕ್ಕದ್ದಕ್ಕೆ ಹತ್ತು ಬಾಯಲ್ಲಿ ಹತ್ತು ಕಥೆ ಇರುವುದರಿಂದ ನಿಧಾನವಾಗಿ ಹೇಳುತ್ತೇನೆ.

ನಾನು ಸತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ದಿನ ಮೊದಲೇ ಹೇಳದೆ ಕೆಟ್ಟೆ.

ನಾನು ಆ ಹೈಸ್ಕೂಲಿನ ಸೋಶಿಯಲ್ ಮೇಷ್ಟ್ರು. ಕನ್ನಡಕ್ಕೆ ಇದ್ದವರು ಲಲಿತಾ ಮೇಡಂ. ಆ ವರ್ಷ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಹಾಸನಕ್ಕೆ ತರಬೇತಿಗೆ ಕಳಿಸಿದ್ದರು. ಲೋಕದ ಬೇರೆ ಬೇರೆ ಜನ ಹೇಗೆ ಬದುಕಿದರು ಎಂಬುದನ್ನು ಚರಿತ್ರೆಯ ಮೇಷ್ಟ್ರು ಒಂದು ಕಡೆ, ಸಾಹಿತ್ಯದ ಮೇಷ್ಟ್ರು ಇನ್ನೊಂದು ಕಡೆ ಎಳೆದಾಡಬಾರದು, ಇಬ್ಬರೂ ಕೂಡಿ ಒಂದೇ ಪಾಠ ಮಾಡಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಮಾತು ಸರಿಯಾಗಿಯೇ ಇತ್ತು. ಈಗಲೂ ಸರಿ ಎಂದೇ ನಂಬಿದ್ದೇನೆ. ತರಬೇತಿ ಕೊಟ್ಟವರದು ಏನೂ ತಪ್ಪಿಲ್ಲ.

ಒಂಬತ್ತನೇ ಕ್ಲಾಸಿಗೆ ತಿಂಗಳಿಗೊಂದು ದೇಶ ಎಂದು ಗೊತ್ತುಮಾಡಿಕೊಂಡೆವು. ಲಲಿತಾ ಮೇಡಂ ಆ ದೇಶದ ಕಥೆ, ಹಾಡು ಹೇಳುವುದು. ನಾನು ರಾಜರು, ಯುದ್ಧ, ಊರು, ಕೇರಿ ಹೇಳುವುದು. ಕೊನೆಗೆ ಮಕ್ಕಳೆಲ್ಲ ಸೇರಿ ಆ ಜನರ ಒಂದು ಆಚರಣೆಯನ್ನು ಆಡಿ ತೋರಿಸುವುದು. ಆಗಸ್ಟಿನಲ್ಲಿ ಜಪಾನ್. ಚಹಾ ಕುಡಿಯುವ ಶಾಸ್ತ್ರ. ತೋಟದ ಮಕ್ಕಳು ಚಹಾ ಮೂಸಿ ನೋಡಿ ಬೇಡವೆಂದದ್ದರಿಂದ ಕಾಫಿಯಲ್ಲೇ ಮಾಡಿ ಮುಗಿಸಿದೆವು. ಯಾರಿಗೂ ಹಾನಿಯಾಗಲಿಲ್ಲ. ಸೆಪ್ಟೆಂಬರಿನಲ್ಲಿ ಗ್ರೀಸ್. ಅಥೆನ್ಸಿನವರು ತಮಗೆ ಬೇಡವಾದವನ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚಿ ಮತ ಹಾಕಿ, ಹತ್ತು ವರ್ಷ ಊರು ಬಿಡಿಸುತ್ತಿದ್ದರು ಎಂದು ಪಾಠ ಮಾಡಿದೆ. ಮಕ್ಕಳು ಹಂಚಿನ ಚೂರು ಆರಿಸಿ ತಂದು ಬಹಳ ಶಿಸ್ತಿನಿಂದ ಮತ ಹಾಕಿದರು. ಹೆಡ್‌ಮೇಷ್ಟ್ರು ಭಾರಿ ಬಹುಮತದಿಂದ ಊರು ಬಿಟ್ಟರು! ಅವರು ಅದನ್ನು ಪಾಠವೆಂದು ತೆಗೆದುಕೊಳ್ಳಲಿಲ್ಲ.

ಆಗಲೇ ನಿಲ್ಲಿಸಬೇಕಿತ್ತು.

ಅಕ್ಟೋಬರಿನಲ್ಲಿ ರೋಮ್. ದೂರ ದೇಶದಲ್ಲಿ ಸತ್ತನೆಂದು ಸುದ್ದಿ ಬಂದವನು ಬದುಕಿ ಮನೆಗೆ ಬಂದರೆ ರೋಮಿನವರು ಅವನನ್ನು ಬಾಗಿಲಿಂದ ಒಳಗೆ ಬಿಡುತ್ತಿರಲಿಲ್ಲ, ಮನೆಯ ಮಾಡು ಹತ್ತಿ ಮೇಲಿಂದ ಇಳಿಯಬೇಕಿತ್ತು ಎಂದು ಲಲಿತಾ ಮೇಡಂ ಕಥೆಯಾಗಿ ಹೇಳಿದರು. ಮಕ್ಕಳ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ನಗುವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನವೆಂಬರಿಗೆ ಈಜಿಪ್ಟ್. ನಮ್ಮ ಪಾಠದ ಸುದ್ದಿ ಹಾಸನ ಮುಟ್ಟಿ, ಸಾಹೇಬರೊಬ್ಬರು ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು. ಅವರು ಗೊತ್ತುಮಾಡಿದ್ದು ಆ ಶುಕ್ರವಾರ. ನನ್ನ ಮಾವನವರು, ಪಾಳ್ಯದ ನಂಜೇಗೌಡರು, ಕಿರಿಮಗಳು ಸುಮಾಳ ವೀಳ್ಯಶಾಸ್ತ್ರಕ್ಕೆ ಗೊತ್ತುಮಾಡಿದ್ದೂ ಅದೇ ಶುಕ್ರವಾರ. ವೀಳ್ಯ ಬದಲಾಯಿಸಿದರೆ ಮದುವೆ ನಿಶ್ಚಯವಾದಂತೆ. ಸುಮಾಳಿಗೆ ಹಿಂದೆ ಮೂರು ಸಂಬಂಧ ಬಂದು ಬಂದು ತಪ್ಪಿಹೋಗಿದ್ದವು. ಈ ಸಲದ ಹುಡುಗ ಆಲೂರಿನವನು, ಹಾಲಿನ ಡೇರಿಯಲ್ಲಿ ಕೆಲಸ. ಸುಮಾಳಿಗೆ ಅವನು ಮನಸ್ಸಿಗೆ ಬಂದಿದ್ದ. ಅವನ ತಾಯಿ ಮಾತ್ರ ಹಲ್ಲಿ ಲೊಚಗುಟ್ಟಿದರೂ ದಿಕ್ಕು ನೋಡುವವರು. ಎಲ್ಲರೂ ಉಸಿರು ಬಿಗಿಹಿಡಿದುಕೊಂಡಿದ್ದರು.

ನನ್ನ ಹೆಂಡತಿ ಗಿರಿಜಾ ಹಿಂದಿನ ದಿನವೇ ತವರಿಗೆ ಹೊರಟಳು.

"ಆ ಮನೆಗೆ ಇರೋದು ಒಬ್ಬ ಅಳಿಯ ಕಣ್ರೀ. ವೀಳ್ಯದ ಹೊತ್ತಿಗೆ ನೀವು ಇರ್ಬೇಕು."

"ಸಾಹೇಬ್ರು ಬರ್ತಾರೆ ಗಿರಿಜಾ. ಪಾಠ ಮುಗಿಸಿ ಹನ್ನೊಂದರ ಬಸ್ಸು ಹಿಡಿದ್ರೆ ವೀಳ್ಯಕ್ಕೆ ಸರಿಯಾಗಿ ಬಂದ್ಬುಡ್ತೀನಿ."

"ಏನು ಅಂಥಾ ಪಾಠ?"

"ಈಜಿಪ್ಟು. ಸತ್ತ ರಾಜನ ಮೆರವಣಿಗೆ."

"ಮನೇಲಿ ಶುಭಕಾರ್ಯ ಇಟ್ಕೊಂಡು ಹೆಣ ಹೊರುಸ್ತೀರಾ!"

"ಅದು ಮೂರು ಸಾವಿರ ವರ್ಷದ ಹಿಂದಿನ ಹೆಣ ಕಣೇ."

"ಹಳೇದಾದ್ರೆ ಸೂತಕ ಇಲ್ವಾ?" ಎಂದು ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಬರ್ವಾಗ ಆ ದೊಡ್ಡ ಸ್ಟೀಲ್ ಡಬ್ಬಿ ಮರೀಬೇಡಿ!" ಎಂದಳು.

ಈಜಿಪ್ಟಿನವರು ಸತ್ತವರನ್ನು ನದಿಯ ಪಡುವಣ ದಡಕ್ಕೆ ಒಯ್ಯುತ್ತಿದ್ದರು. ನಮ್ಮ ಸ್ಕೂಲಿನ ಪಡುವಣಕ್ಕೆ ಒಂದು ಹಳ್ಳವಿತ್ತು. ಹಳ್ಳದಾಚೆ ಎಸ್ಟೇಟಿನವರು ತೋಟದಿಂದ ಎತ್ತಿ ಹಾಕಿದ ಕಲ್ಲುಗುಡ್ಡೆ ಇತ್ತು, ಸಾಕ್ಷಾತ್ ಪಿರಮಿಡ್. ಸತ್ತವನ ಹೃದಯವನ್ನು ಒಂದು ಗರಿಯ ಎದುರು ತಕ್ಕಡಿಯಲ್ಲಿಟ್ಟು ತೂಗುತ್ತಾರೆ, ಗರಿಗಿಂತ ಭಾರವಾದರೆ ಅವನ ಗತಿ ಮುಗಿಯಿತು ಎಂಬುದು ಅವರ ನಂಬಿಕೆ. ಅದಕ್ಕೆ ಎಸ್ಟೇಟಿನ ಸ್ಟೋರಿನಿಂದ ಕಾಫಿ ತೂಗುವ ತಕ್ಕಡಿ ಬೇಡಿ ತಂದು, ನವಿಲುಗರಿಯ ಸಮೇತ ಕಲ್ಲುಗುಡ್ಡೆಯ ಹತ್ತಿರ ಇರಿಸಿದೆವು. ಹಳ್ಳದಾಚೆಗೆ ಇರುವುದು ಒಂದೇ ದಾರಿ. ಅದು ಎಸ್ಟೇಟ್ ಕೂಲಿಯವರ ಲೈನುಮನೆಗಳ ಪಕ್ಕದಿಂದ ಇಳಿದು, ಬಸ್ ಸ್ಟಾಪಿನ ಅಂಗಡಿಗಳ ಎದುರು ಹಾದು ಹೋಗುತ್ತದೆ. ಊರಿನ ಸ್ಮಶಾನಕ್ಕೂ ಅದೇ ದಾರಿ. ಇದು ನನಗೆ ಗೊತ್ತಿತ್ತು. ಹೊಳೆಯಲಿಲ್ಲ.

ರಾಜ, ಅಂದರೆ ಅವರ ಫೇರೋ, ಯಾರಾಗಬೇಕು? ಹೆಣವಾಗಲು ಒಬ್ಬ ಹುಡುಗನೂ ಒಪ್ಪಲಿಲ್ಲ. "ಸಾರ್, ಸಿಪಾಯಿ ಮಾಡ್ರಿ. ಬೇಕಾದ್ರೆ ಮೊಸಳೆ ಆಯ್ತೀನಿ," ಎಂದರು. ಹೆಡ್‌ಮೇಷ್ಟ್ರನ್ನು ಕೇಳಿದೆವು. "ಊರು ಬಿಡಿಸಿದ್ದು ಸಾಲ್ದೇನ್ರೀ?" ಎಂದರು. ಉಳಿದವನು ನಾನು. ಹಳೆಯ ಪಂಚೆಗಳನ್ನು ಪಟ್ಟಿ ಪಟ್ಟಿಯಾಗಿ ಹರಿದು, ಹಳತಾಗಿ ಕಾಣಲಿ ಎಂದು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ, ಬಿಗಿಯಾಗಿ ನಿಲ್ಲಲಿ ಎಂದು ಮೈದಾ ಅಂಟು ಹಚ್ಚಿ ನನಗೆ ಸುತ್ತಿದರು. ಕಣ್ಣಿಗೂ ಬಾಯಿಗೂ ಸುತ್ತಿದರು. ಮೂಗು ಬಿಟ್ಟರು. ಸುತ್ತುವ ಮೊದಲು ನಾನು ಕೊಟ್ಟ ಕೊನೆಯ ಸೂಚನೆ: "ಏನೇ ಆಗ್ಲಿ, ಯಾರೂ ಪಾತ್ರ ಬಿಟ್ಟು ಹೊರಗೆ ಬರಬಾರದು." ಇಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ಮಕ್ಕಳು ಅಕ್ಷರಶಃ ಪಾಲಿಸಿದ ನನ್ನ ಒಂದೇ ಮಾತು ಅದು.

ರಾಜನನ್ನು ಹೊರಲು ಏನಾದರೂ ಗಟ್ಟಿಯಾಗಿ ಕಟ್ಟಿ ಎಂದು ಲೈನಿನ ಹುಡುಗರಿಗೆ ಹೇಳಿದ್ದೆ. ಮಲಗಿದ ಮನುಷ್ಯನನ್ನು ಹೊರಲು ಅವರಿಗೆ ಗೊತ್ತಿದ್ದದ್ದು ಒಂದೇ. ಎರಡು ಉದ್ದನೆಯ ಬಿದಿರು ಕಡಿದು, ಅಡ್ಡಕ್ಕೆ ಸೀಳು ಬಿಗಿದು, ಮೇಲೆ ಹುಲ್ಲು ಹಾಸಿದ್ದರು.

"ಗಟ್ಟಿ ಐತೇನ್ರೋ?" ಎಂದೆ.

"ಇದ್ರಲ್ಲಿ ಹೋದೋರು ಯಾರೂ ಬಿದ್ದಿಲ್ಲ ಸಾರ್," ಎಂದ ಮಂಜ, ಹುಡುಗರ ಮುಂದಾಳು. ನಾನು ಬೆನ್ನು ತಟ್ಟಿದೆ.

ಮುಂದಿನದೆಲ್ಲ ನಾನು ಕಂಡದ್ದಲ್ಲ, ಕೇಳಿದ್ದು. ಇಳಿಜಾರಿನಲ್ಲಿ ಮೊದಲು ಕೇಳಿದ್ದು ಹುಡುಗಿಯರ ನಗು. ಈಜಿಪ್ಟಿನಲ್ಲಿ ಶವದ ಹಿಂದೆ ಅಳಲೆಂದೇ ಹೆಂಗಸರಿರುತ್ತಿದ್ದರು. ಅವರು ಹಾಡಿಕೊಂಡು ಅಳುವುದೂ ಸಾಹಿತ್ಯವೇ ಎಂದು ಲಲಿತಾ ಮೇಡಂ ಒಂದು ವಾರ ಅಭ್ಯಾಸ ಮಾಡಿಸಿದ್ದರು. ಆದರೆ ನನ್ನ ಹೊಟ್ಟೆ ಚಟ್ಟದ ಮೇಲೆ ಕುಲುಕುವುದನ್ನು ನೋಡಿ ಅಳು ಬರುವುದು ಹೇಗೆ? ಕಿಸಿಕಿಸಿ ನಗುತ್ತಿದ್ದರು. "ಅಳ್ರೇ, ಮಾನ ಕಳೀಬೇಡ್ರೇ!" ಎಂದು ಲಲಿತಾ ಮೇಡಂ ಪಿಸುಗುಟ್ಟುತ್ತಿದ್ದರು. ಆ ನಗು ಇರುವವರೆಗೆ ನಾವು ಕ್ಷೇಮವಾಗಿದ್ದೆವು ಎಂದು ಈಗ ಅನ್ನಿಸುತ್ತದೆ.

ಲೈನಿನ ಹತ್ತಿರ ಬಂದಾಗ ಯಾರೋ ತಮಟೆ ಬಾರಿಸತೊಡಗಿದರು. ನಾನು ಹೇಳಿರಲಿಲ್ಲ. ಆಮೇಲೆ ಒಂದು ಹೆಂಗಸಿನ ದನಿ ಎದ್ದಿತು. "ಹೋಗ್ಬುಟ್ಯಾ ಮಗನೇ, ಹೇಳ್ದೇ ಹೋಗ್ಬುಟ್ಯಾ, ಕಟ್ಟಿದ ಬುತ್ತಿ ಹಂಗೇ ಐತಲ್ಲೋ..." ದನಿ ನನ್ನ ತಲೆಯ ಪಕ್ಕಕ್ಕೆ ಬಂತು. ಒಂದು ಕೈ ಬಿದಿರನ್ನು ಹಿಡಿದುಕೊಂಡಿತು. ಅದು ಲೈನಿನ ಕಾಳಮ್ಮ. ಅವಳ ಮಗ ಬಿಸಿಲೆ ಘಾಟಿಯಲ್ಲಿ ಮರದ ಲಾರಿಯ ಜೊತೆ ಪ್ರಪಾತಕ್ಕೆ ಹೋದವನು. ಹೆಣ ಮೇಲೆ ಬರಲಿಲ್ಲ, ಊರಿಗೂ ಬರಲಿಲ್ಲ. ಅವಳು ನನಗಾಗಿ ಅಳುತ್ತಿರಲಿಲ್ಲ. ಅದು ನನಗೆ ಆಗಲೇ ತಿಳಿಯಿತು.

ಹುಡುಗಿಯರ ನಗು ನಿಂತಿತು. ಒಬ್ಬಳು ಬಿಕ್ಕಿದಳು. ಆಮೇಲೆ ಎಲ್ಲರೂ ಅತ್ತರು. ಲಲಿತಾ ಮೇಡಂ ಕೂಡ. ಪಾಠ ಅಮೋಘವಾಗಿ ಸಾಗುತ್ತಿದೆ ಎಂದು ಒಂದು ಕ್ಷಣ ನಾನು ಒಳಗೇ ಹಿಗ್ಗಿದೆನೆಂದೂ ಹೇಳಬೇಕು.

ಡಾಂಬರು ರಸ್ತೆಗೆ ಬಂದೆವು. ಅಂಗಡಿಗಳ ಷಟರ್ ಇಳಿಯುವ ಸದ್ದು ಕೇಳಿಸಿತು. ಹೆಣಕ್ಕೆ ಎರಚುವ ಪುರಿ ಮುಖದ ಮೇಲೆ ಬಿದ್ದವು.

"ಯಾರಂತೆ?"

"ಹೈಸ್ಕೂಲ್ ಮೇಷ್ಟ್ರು. ಸೋಶಿಯಲ್ಲಂತೆ."

"ಅಯ್ಯೋ, ಆ ನಗ್ತಾ ಮಾತಾಡ್ಸೋರಾ?"

"ಅವ್ರು ಸೈನ್ಸು ಕಣೋ."

"ಮತ್ತೆ ಇವ್ರ್ಯಾರು?"

"ಯಾರೋ ಒಬ್ರು ಇದ್ರಪ್ಪ."

ನಾನು ಎಂಟು ವರ್ಷದಿಂದ ಅದೇ ಅಂಗಡಿಯಲ್ಲಿ ಸಾಮಾನು ತರುತ್ತಿದ್ದೆ!

ಒಂದು ಜೀಪು ಬಂದು ನಿಂತಿತು. ಯಾರೋ ಇಳಿದರು. ಲಲಿತಾ ಮೇಡಂ ಆಮೇಲೆ ಹೇಳಿದಂತೆ, ಅದು ಹಾಸನದ ಸಾಹೇಬರು. ಯಾರೆಂದು ಒಬ್ಬ ಹುಡುಗನನ್ನು ಕೇಳಿದರು. ಅವನು ಪಾತ್ರ ಬಿಡದೆ, "ಸೋಶಿಯಲ್ ಸಾರ್, ಸಾರ್," ಎಂದ. ಚಟ್ಟದ ಮೇಲಿರುವುದು ಯಾರೆಂದು ಕೇಳಿದರೆ ಅದು ನಿಜವೇ ಅಲ್ಲವೇ? ಸಾಹೇಬರು ಕೈಕಟ್ಟಿ, ತಲೆಬಗ್ಗಿಸಿ ನಿಂತರು. "ಪಾಠ ಇನ್ನೊಂದು ದಿನ ನೋಡ್ತೀನಿ, ಹೆಡ್‌ಮೇಷ್ಟ್ರಿಗೆ ಹೇಳಿ," ಎಂದು ಹಿಂದಕ್ಕೆ ಹೋದರು. ಹೀಗೆ ನಮ್ಮ ಮಾದರಿ ಪಾಠವನ್ನು ಅವರು ನೋಡಲಿಲ್ಲ. ಅದಕ್ಕೆ ಅಂತಿಮ ನಮನ ಸಲ್ಲಿಸಿದರು.

ಅತ್ತಿಮರದ ಎದುರು ಬಸ್ಸಿನ ಇಂಜಿನ್ ಆಫ್ ಆಯಿತು. ಕಂಡಕ್ಟರ್ ರಾಜಣ್ಣನ ದನಿ ನನಗೆ ಚೆನ್ನಾಗಿ ಗೊತ್ತು. ಬಸ್ಸು ಸಕಲೇಶಪುರದ ಮೇಲೆ ಪಾಳ್ಯ, ಆಲೂರಿಗೆ ಹೋಗುವುದು.

"ಯಾರು ಮಾರಾಯ?"

"ಸೋಶಿಯಲ್ ಮೇಷ್ಟ್ರು."

"ಪಾಳ್ಯದ ನಂಜೇಗೌಡ್ರ ಅಳಿಯನಾ! ಅಯ್ಯಯ್ಯೋ, ಇವತ್ತು ಆ ಮನೇಲಿ ವೀಳ್ಯ ಕಣೋ. ಅವ್ರಿಗೆ ಹೇಳವ್ರಾ?"

"ಯಾರು ಹೇಳ್ತಾರಣ್ಣ? ನೀನೇ ಆ ಕಡೆ ಹೋಗೋನಲ್ವಾ."

"ಹೇಳ್ಬುಡ್ತೀನಿ. ರೈಟ್, ರೈಟ್!"

ನಾನು ಕೂಗಿದೆ. ಬಾಯಿಗೆ ಸುತ್ತಿದ ಮೈದಾ ಒಣಗಿ ಗಟ್ಟಿಯಾಗಿತ್ತು. "ಹೂಂ, ಹೂಂ" ಎಂದಷ್ಟೇ ಹೊರಟಿತು. ಕೈ ಎತ್ತೋಣವೆಂದರೆ ಮೈಗೆ ಸೇರಿಸಿ ಸುತ್ತಿದ್ದರು. ಹೆಗಲು ಕೊಟ್ಟಿದ್ದ ಮಂಜ ಮೇಲೆ ನೋಡಿ ಮೆಲ್ಲಗೆ ಗದರಿಸಿದ: "ಸಾರ್, ಸುಮ್ಕಿರಿ. ಪಾತ್ರ ಬಿಡ್ಬಾರ್ದು ಅಂತ ನೀವೇ ಹೇಳಿದ್ದು."

ಬಸ್ಸು ಹೋಯಿತು.

ಹಳ್ಳದ ಹತ್ತಿರ ಒಂದು ಕಲ್ಲುಚಪ್ಪಡಿ ಇದೆ. ಸ್ಮಶಾನಕ್ಕೆ ಹೋಗುವವರು ಅಲ್ಲಿ ಹೆಣ ಇಳಿಸಿ ಹೆಗಲು ಬದಲಿಸುವುದು ಪದ್ಧತಿ. ನಾನು ಕಲಿಸಿದ ಈಜಿಪ್ಟಿನಲ್ಲಿ ಇದು ಇರಲಿಲ್ಲ. ಹುಡುಗರ ಕಾಲಿಗೇ ಗೊತ್ತಿತ್ತು; ನಿಂತರು, ಇಳಿಸಿದರು. ಬೆನ್ನಿಗೆ ಆ ಕಲ್ಲಿನ ತಂಪು ತಗುಲಿದಾಗ ನನ್ನ ಧೈರ್ಯವೆಲ್ಲ ಹೋಯಿತು. ಒದ್ದಾಡಿ, ಅಂಟು ಬಿರಿಯುವಂತೆ ಎದ್ದು ಕೂತೆ.

ಮೊದಲು ಓಡಿದ್ದು ತಮಟೆಯವನು. ಅವನ ಹಿಂದೆ, ಅಂಗಡಿಯಿಂದ ಹೆಣದ ಜೊತೆ ಬಂದಿದ್ದವರೆಲ್ಲ ಓಡಿದರು. ದೊಡ್ಡವರಲ್ಲಿ ಓಡದೆ ಉಳಿದ ಕೈ ಒಂದೇ. ಅದು ನನ್ನ ಎದೆಯ ಮೇಲೆ ಬಂದು ಮೆಲ್ಲಗೆ ಒತ್ತಿತು.

"ಮಲ್ಕೋ ಮಗಾ," ಎಂದಳು ಕಾಳಮ್ಮ. "ಈಗ ಎದ್ರೆ ಹೆಂಗೆ? ಎಲ್ರೂ ಅಳ್ತಾ ಅವ್ರೆ."

ನಾನು ಮಲಗಿಕೊಂಡೆ. ಏಕೆಂದು ಕೇಳಬೇಡಿ. ಎಷ್ಟು ಹೊತ್ತು ಎಂದೂ ಕೇಳಬೇಡಿ.

ಆಮೇಲೆ ಲಲಿತಾ ಮೇಡಂ ಬಂದು ಕೈಕಾಲು ಬಿಡಿಸಿ, ಕಣ್ಣು ಬಾಯಿಯ ಬಟ್ಟೆ ಕಿತ್ತರು. ಮೀಸೆಯ ಅರ್ಧ ಅದರ ಜೊತೆ ಹೋಯಿತು. "ಪಾಳ್ಯ! ಬಸ್ಸು!" ಎಂದು ಕೂಗಿ ನಾನು ಎಸ್‌ಟಿಡಿ ಬೂತಿಗೆ ಓಡಿದೆ. ಮೊಬೈಲು ಸಕಲೇಶಪುರದವರೆಗೆ ಬಂದಿತ್ತು. ನಮ್ಮ ಗುಡ್ಡ ಹತ್ತಿರಲಿಲ್ಲ. ಬೂತಿನಲ್ಲಿ ಲೈನ್ ಇರಲಿಲ್ಲ. ಆಗಲೇ ಒಂದು ಜೀಪು ಹಿಡಿಯಬಹುದಿತ್ತು. ಆದರೆ ನಾನು ಓದಿದವನು. ಜೀಪಿಗಿಂತ ಫೋನು ಬೇಗ ಎಂದು ಲೆಕ್ಕ ಹಾಕಿ, ಬಟ್ಟೆ ಸುಲಿದುಕೊಳ್ಳುತ್ತ ಅಲ್ಲೇ ಕೂತೆ. ಕೊನೆಗೆ ಲೈನ್ ಬಂದಾಗ ಮಾವನವರ ಎದುರು ಮನೆಯ ಶೆಟ್ಟರ ಅಂಗಡಿಗೆ ಹಚ್ಚಿದೆ. ಅಷ್ಟರಲ್ಲಿ ಬಸ್ಸು ಪಾಳ್ಯ ದಾಟಿಯೂ ಆಗಿತ್ತು.

"ಹಲೋ, ನಾನು ನಂಜೇಗೌಡ್ರ ಅಳಿಯ ಮಾತಾಡೋದು," ಎಂದೆ.

ಆ ಕಡೆ ಒಂದು ಕಿರುಚು. ಫೋನು ಬಿದ್ದ ಸದ್ದು. ಮತ್ತೆ ಹಚ್ಚಿದೆ.

"ಶೆಟ್ರೇ, ನಾನು ಸತ್ತಿಲ್ಲ!"

"ಗೊತ್ತಾಯ್ತಪ್ಪ, ಗೊತ್ತಾಯ್ತು," ಎಂದರು ಶೆಟ್ಟರು ನಡುಗುತ್ತ. "ಶಾಂತವಾಗಿ ಹೋಗು. ಎಲ್ರೂ ಅಲ್ಲಿಗೇ ಹೊರಟವ್ರೆ." ಫೋನು ಇಟ್ಟರು.

ಜೀಪು ಹಿಡಿದೆ. ಸಕಲೇಶಪುರದ ಹೇಮಾವತಿ ಸೇತುವೆಯ ಮೇಲೆ ಎದುರಿನಿಂದ ಒಂದು ಟೆಂಪೋ ಬಂತು. ಹಿಂದುಗಡೆ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. "ಯಾರೋ ಹೋಗವ್ರೆ ಪಾಪ," ಎಂದ ಜೀಪಿನವನು, ಪಕ್ಕಕ್ಕೆ ಸರಿದು ದಾರಿ ಬಿಟ್ಟು. ನಾನೂ ಕಣ್ಣುಮುಚ್ಚಿ ಕೈಮುಗಿದೆ.

ಸತ್ತವನು ನಾನೇ ಎಂದು ಹೊಳೆಯುವಷ್ಟರಲ್ಲಿ ಟೆಂಪೋ ಸೇತುವೆ ದಾಟಿತ್ತು.

ಪಾಳ್ಯದ ಮನೆಯಲ್ಲಿ ಚಪ್ಪರದ ಕೆಳಗೆ ಬಾಳೆಎಲೆಗಳು ಹಾಸಿದಂತೆಯೇ ಇದ್ದವು. ಒಂದಕ್ಕೂ ಬಡಿಸಿರಲಿಲ್ಲ. ವೀಳ್ಯದ ತಟ್ಟೆ ಚಾಪೆಯ ನಡುವೆ ಹಾಗೇ ಇತ್ತು. ಸುಮಾ ಹಸಿರು ರೇಷ್ಮೆ ಸೀರೆಯಲ್ಲಿ ಜಗಲಿಯ ಕಂಬಕ್ಕೆ ಒರಗಿ ಒಬ್ಬಳೇ ಕೂತಿದ್ದಳು. ಮದುವಣಗಿತ್ತಿಯಾಗಬೇಕಾದವಳು ಸಾವಿನ ಮನೆಗೆ ಹೋಗಬಾರದೆಂದು ಬಿಟ್ಟುಹೋಗಿದ್ದರು. ನನ್ನನ್ನು ನೋಡಿ ಅವಳು ಕಿರುಚಲಿಲ್ಲ.

"ಭಾವ, ಇದ್ದೀರಾ?"

"ಇದೀನಮ್ಮ."

"ಅರ್ಧ ಗಂಟೆ ತಡೆದು ಸಾಯ್ಬೋದಿತ್ತಲ್ಲ ಭಾವ. ವೀಳ್ಯ ಕೈಗೆ ತಗೊಂಡಿದ್ರು."

ಹುಡುಗನ ತಾಯಿ ಸುದ್ದಿ ಕೇಳಿದವರೇ ಎದ್ದು, "ಹಿರಿಯಳಿಯ ಹೋದ ಗಳಿಗೇಲಿ ನಾವು ವೀಳ್ಯ ಹಿಡಿಯಾಕಿಲ್ಲ" ಎಂದು ವ್ಯಾನು ಹತ್ತಿದರಂತೆ. ಹುಡುಗ? ಹುಡುಗ ಒಂದು ಸಲ ತಿರುಗಿ ನೋಡಿದನಂತೆ. ಅಷ್ಟನ್ನೇ ಸುಮಾ ಮತ್ತೆ ಮತ್ತೆ ಹೇಳಿದಳು: "ತಿರುಗಿ ನೋಡಿದ್ರು ಭಾವ." ನಾನು ಅರ್ಧ ಮೀಸೆ ಹೊತ್ತು ಅವಳ ಎದುರು ಕೂತಿದ್ದೆ. ಬದುಕಿರುವುದಕ್ಕೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಅತ್ತ ಟೆಂಪೋ ನಮ್ಮ ಸ್ಕೂಲು ಮುಟ್ಟಿ, ಎಲ್ಲರೂ ಅಳುತ್ತ ಇಳಿದು, "ಹೆಣ ಎಲ್ಲಿ?" ಎಂದು ಕೇಳಿದರಂತೆ.

"ಜೀಪಲ್ಲಿ ಪಾಳ್ಯಕ್ಕೆ ಹೋದ್ರು," ಎಂದರಂತೆ ಹೆಡ್‌ಮೇಷ್ಟ್ರು.

ಸಂಜೆಗೆ ಟೆಂಪೋ ಹಿಂದಿರುಗಿತು. ನಾನು ಬದುಕಿದ್ದೇನೆಂದು ಸಾಕ್ಷಿ ಹೇಳಲು ಲಲಿತಾ ಮೇಡಂ ಜೊತೆಗೆ ಬಂದಿದ್ದರು. ಗಿರಿಜಾ ಇಳಿದು ನೇರ ನನ್ನ ಎದುರು ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

"ಸಕಲೇಶಪುರ ದಾಟೋ ಹೊತ್ತಿಗೆ ಚಿಕ್ಕಪ್ಪ ನಂಗೆ ಕೆಲ್ಸ ಕೊಡ್ಸಿದ್ರು," ಎಂದಳು. "ಗಂಡ ಸತ್ರೆ ಅನುಕಂಪದ ಮೇಲೆ ಹೆಂಡ್ತೀಗೆ ಕೊಡ್ತಾರಂತೆ. ನಂದು ಪಿಯುಸಿ ಆಗೈತಲ್ಲ. ಹಾನುಬಾಳಿಗೆ ಹೋಗಿ ನೋಡಿದ್ರೆ ನೀವು ಬದುಕಿದ್ರಿ. ಕೆಲ್ಸ ಹೋಯ್ತು."

ಯಾರೋ ನಕ್ಕರು. ಅವಳು ನಗಲಿಲ್ಲ. ದನಿ ತಗ್ಗಿಸಿ, "ನಿಮ್ಗೆ ನಾನು ಕೊನೇಲಿ ಏನಂದೆ ಅಂತ ದಾರಿಯುದ್ದಕ್ಕೂ ನೆನೆಸ್ಕೊಂಡೆ. ಡಬ್ಬಿ ಮರೀಬೇಡಿ ಅಂದಿದ್ದೆ. ಅದೊಂದೇ," ಎಂದಳು. ಆಮೇಲೆ ಆ ಸಂಜೆ ಮಾತಾಡಲಿಲ್ಲ.

ನಾನು ಎದ್ದು ಮನೆಯೊಳಗೆ ಹೋಗಲು ಹೆಜ್ಜೆ ಎತ್ತಿದೆ. ಮಾವನವರು ಹೊಸ್ತಿಲಿಗೆ ಕೈ ಅಡ್ಡ ಹಿಡಿದರು. ನನ್ನ ಕಡೆ ನೋಡದೆ, "ಗಿರಿಜಾ, ಆ ಮನುಷ್ಯಂಗೆ ಹೇಳು. ಅತ್ತು ಕಳ್ಸಿದ್ದು ಬಾಗ್ಲಾಗೆ ವಾಪಸ್ ಬರಂಗಿಲ್ಲ," ಎಂದರು.

ಆಗ ಲಲಿತಾ ಮೇಡಂ ಸಹಾಯ ಮಾಡಲು ಬಾಯಿ ತೆರೆದರು! "ಗೌಡ್ರೇ, ರೋಮಿನಲ್ಲೂ ಹಿಂಗೇ. ಅಂಥೋರು ಮಾಡಿನ ಮೇಲಿಂದ ಇಳಿದು ಒಳಗೆ ಬರ್ತಿದ್ರಂತೆ. ಗ್ರೀಸಲ್ಲಂತೂ ಮಗುವಿನ ಥರ ಸ್ನಾನ ಮಾಡ್ಸಿ, ಬಟ್ಟೆ ಸುತ್ತಿ, ಹೊಸದಾಗಿ ಹುಟ್ಟಿದಂಗೆ ಮಾಡ್ತಿದ್ರಂತೆ."

ಮಾವನವರು ಮೊದಲ ಬಾರಿಗೆ ನಮ್ಮ ಪಾಠದ ಬಗ್ಗೆ ಗೌರವದಿಂದ ತಲೆಯಾಡಿಸಿದರು. "ನೋಡಿ, ಅಷ್ಟು ದೂರದೋರಿಗೂ ಗೊತ್ತೈತೆ."

ಮಾರನೆಯ ದಿನ ಅವರು ಆಲೂರಿಗೆ ಹೋಗಿ ಹುಡುಗನ ತಾಯಿಯ ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲ ಮಾಡಿದರು. ಸತ್ತವನು ಹೊಸದಾಗಿ ಹುಟ್ಟಿದ್ದನ್ನು ಕಣ್ಣಾರೆ ಕಂಡರೆ ಮಾತ್ರ ಮುಂದಿನ ಮಾತು ಎಂದು ಆಕೆ ಹೇಳಿ ಕಳಿಸಿದರು. ಸುಮಾ ನನ್ನನ್ನು ನೋಡಿದಳು. ನಾನು ಹುಟ್ಟಲು ಒಪ್ಪಿದೆ.

ಭಾನುವಾರ ಬೆಳಿಗ್ಗೆ ಮಾಡಿನ ಹಂಚು ತೆಗೆದರು. ಹುಡುಗನ ಕಡೆಯವರು ಸಾಲಾಗಿ ಚಾಪೆಯ ಮೇಲೆ ಕೂತಿದ್ದರು. ಕಾಲು ಇಳಿಯಿತು, ತೊಡೆ ಇಳಿಯಿತು. ಹೊಟ್ಟೆ ಹಂಚು ಹೊರುವ ರೀಪರು ಪಟ್ಟಿಗಳ ನಡುವೆ ಸಿಕ್ಕಿಕೊಂಡಿತು. ಕೆಳಗಿನವರು ಕಾಲು ಹಿಡಿದು ಎಳೆದರು, ಮೇಲಿನವರು ತಲೆ ಒತ್ತಿದರು. ಒಬ್ಬಜ್ಜಿ, "ತಡೀರಿ, ಕಾಲು ಮುಂದಾಗಿ ಬರ್ತೈತೆ, ಇಂಥಾವು ಕಷ್ಟ," ಎಂದು ಅನುಭವದ ಮಾತು ಹೇಳಿದಳು. ಕೊನೆಗೆ ರೀಪರು ಮುರಿದು ನಾನು ಎರಡನೆಯ ಸಲ ಭೂಮಿಗೆ ಬಂದೆ. ಹೆತ್ತ ತಾಯಿಯನ್ನು ಆ ಹೊತ್ತಿನಲ್ಲಿ ನೆನೆದೆ.

ಬಿಸಿನೀರು ಹೊಯ್ದರು. ಹುಟ್ಟಿದ ಕೂಸಿಗೆ ಮಾಡುವಂತೆ ಮೊರದಲ್ಲಿ ಕೂರಿಸಿದರು, ಮೊರ ಹರಿಯಿತು. ಹೆಸರಿಡಬೇಕು. ಕಿವಿಯಲ್ಲಿ ಹೆಸರು ಹೇಳಲು ನನಗೆ ಸೋದರತ್ತೆ ಇರಲಿಲ್ಲ. ಗಿರಿಜಾಳನ್ನೇ ಕೂರಿಸಿದರು. ಎರಡು ದಿನದಿಂದ ಮಾತಾಡದವಳು ನನ್ನ ಕಿವಿಗೆ ಬಾಯಿ ಹಚ್ಚಿ, "ಡಬ್ಬಿ ತಂದ್ರಾ?" ಎಂದಳು.

ನಾನು ಇಲ್ಲ ಎಂದು ತಲೆಯಾಡಿಸಿದೆ. ಅವಳು ಅಲ್ಲೇ ನನ್ನ ಹೆಗಲಿಗೆ ಹಣೆಯಿಟ್ಟು ಅತ್ತಳು. ಶುಕ್ರವಾರದ್ದೆಲ್ಲ ಆಗ ಬಂತು. ಹೆಸರೇನಿಟ್ಟೆ ಎಂದು ಹೆಂಗಸರು ಕೇಳಿದಾಗ, "ಹಳೇದೇ ಇರ್ಲಿ," ಎಂದಳು. ಶಾಸ್ತ್ರದ ಪ್ರಕಾರ ಮದುವೆಯನ್ನೂ ಮತ್ತೆ ಮಾಡಬೇಕೆಂದು ಚಿಕ್ಕಪ್ಪ ಎತ್ತಿದರು. ಕಣ್ಣೊರೆಸಿಕೊಂಡು ತಕ್ಷಣ ಎದ್ದಳು: "ಬೇಡ. ಹಂಗಾದ್ರೆ ಈ ಸಲ ನನ್ನ ಒಪ್ಪಿಗೆ ಕೇಳ್ಬೇಕಾಗ್ತದೆ."

ಹುಡುಗನ ತಾಯಿ ಆಗ ನಕ್ಕರು. ಆ ನಗುವಿನಲ್ಲಿ ವೀಳ್ಯ ನಡೆದುಹೋಯಿತು. ಆದರೆ ಒಂದು ಷರತ್ತು ಹಾಕಿದರು: ಧಾರೆಯ ಹೊತ್ತಿಗೆ ಈ ಮುಖ ಎದುರಿಗೆ ಬರಕೂಡದು. ಸುಮಾಳ ಮದುವೆಯನ್ನು ನಾನು ಅಡಿಗೆ ಭಟ್ಟರ ಜೊತೆ, ಸಾರಿನ ಹಂಡೆಯ ಹಿಂದಿನಿಂದ, ವಾದ್ಯ ಕೇಳಿ ಅಂದಾಜಿನ ಮೇಲೆ ನೋಡಿದೆ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ 'ದಿವಂಗತ' ಎಂದು ಅಚ್ಚಾಗಿತ್ತು; ಪ್ರೆಸ್ಸಿನವರಿಗೆ ಮೊದಲ ಸುದ್ದಿಯಷ್ಟೇ ತಲುಪಿತ್ತು. ಮಾವನವರು ಅದನ್ನು ನೋಡಿ, "ಇರ್ಲಿ ಬುಡು ಗಿರಿಜಾ. ಇವತ್ತಲ್ಲ ನಾಳೆ ಸರಿಹೋಯ್ತದೆ," ಎಂದರು.

ಇನ್ನು ಚಟ್ಟದ ವಿಷಯ. ಕಟ್ಟಿದ ಚಟ್ಟ ಬರಿದಾಗಿ ಹಿಂದಿರುಗಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಫೋನಿಗೆ ಓಡಿದ ಮೇಲೆ ಅದನ್ನು ಏನು ಮಾಡುವುದೆಂದು ತೋಚದೆ ಮಕ್ಕಳೆಲ್ಲ ಕಲ್ಲುಚಪ್ಪಡಿಯ ಸುತ್ತ ನಿಂತಿದ್ದರಂತೆ. ಕಾಳಮ್ಮ ಲೈನಿಗೆ ಹೋಗಿ ಒಂದು ಅಂಗಿ ತಂದು ಚಟ್ಟದ ಮೇಲೆ ಮಡಿಸಿಟ್ಟಳಂತೆ. ನೀಲಿ ಗೆರೆಯ ಅಂಗಿ. ಮಂಜ ಬಂದು ಹೆಗಲು ಕೊಟ್ಟ, ಮಿಕ್ಕವರು ಕೊಟ್ಟರು. ಹಳ್ಳ ದಾಟಿಸಿ, ಕಲ್ಲುಗುಡ್ಡೆಯ ಪಕ್ಕದಲ್ಲಿ ಅಂಗಿಯ ಸಮೇತ ಚಟ್ಟಕ್ಕೆ ಬೆಂಕಿ ಕೊಟ್ಟು, ಅದು ಆರುವವರೆಗೆ ಒಂಬತ್ತನೇ ಕ್ಲಾಸು ಪೂರ್ತಿ ನಿಂತಿತ್ತಂತೆ. ನವಿಲುಗರಿ ತಕ್ಕಡಿಯಲ್ಲೇ ಇತ್ತಂತೆ; ಯಾರೂ ಏನನ್ನೂ ತೂಗಲಿಲ್ಲ. ಇದನ್ನು ಲಲಿತಾ ಮೇಡಂ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಆ ವರ್ಷದ ಒಂದೇ ಒಂದು ನಿಜವಾದ ಪಾಠ ಮೇಷ್ಟ್ರು ಎದ್ದು ಓಡಿದ ಮೇಲೆ ನಡೆಯಿತು.

ಡಿಸೆಂಬರಿಗೆ ಚೀನಾ ಎಂದಿತ್ತು. ಹೆಡ್‌ಮೇಷ್ಟ್ರು ನಮಗಿಬ್ಬರಿಗೂ ಬೇರೆ ಬೇರೆ ಪಿರಿಯಡ್ಡು ಹಾಕಿದರು.

ಆ ದಿನ ಅತ್ತಿಮರದ ಎದುರು ನಡೆದದ್ದನ್ನು ಕಣ್ಣಾರೆ ಕಂಡು ಈಗಲೂ ಬದುಕಿರುವವರಲ್ಲಿ ಮುಖ್ಯರು ಇವರು. ಲಲಿತಾ ಮೇಡಂ, ನಿವೃತ್ತರಾಗಿ ಆಲೂರಿನಲ್ಲಿದ್ದಾರೆ. ಕಂಡಕ್ಟರ್ ರಾಜಣ್ಣ, ನನ್ನನ್ನು ಕಂಡರೆ ಈಗಲೂ ಒಮ್ಮೆ ಕಾಲು ನೋಡಿಯೇ ಆಮೇಲೆ ಮುಖ ನೋಡುತ್ತಾನೆ. ಹೆಗಲು ಕೊಟ್ಟವರಲ್ಲಿ ಐದು ಜನ. ಆರನೆಯವನು ಮಂಜ, ಇದರಲ್ಲಿ ಹೋದವರು ಯಾರೂ ಬಿದ್ದಿಲ್ಲ ಎಂದವನು, ಮೆಣಸು ಕೊಯ್ಯಲು ಹತ್ತಿದ ಸಿಲ್ವರ್ ಮರದಿಂದ ಬಿದ್ದು ಹೋದ. ಕಾಳಮ್ಮನೂ ಇಲ್ಲ, ಅವಳಿಗೆ ಹೆಗಲು ಕೊಟ್ಟವರಲ್ಲಿ ನಾನೊಬ್ಬ, ಆ ಕಲ್ಲಿನ ಮೇಲೆ ಇಳಿಸಿದವರಲ್ಲೂ ಒಬ್ಬ.

ನನ್ನನ್ನು ಮಾತ್ರ ಸಾಕ್ಷಿಗಳಲ್ಲಿ ಸೇರಿಸಬೇಡಿ. ಬದುಕಿದ್ದೇನೆ, ನಿಜ. ಆದರೆ ನಾನು ಏನನ್ನೂ ಕಾಣಲಿಲ್ಲ. ಕಣ್ಣಿಗೆ ಬಟ್ಟೆ ಸುತ್ತಿಸಿಕೊಂಡಿದ್ದೆ.